ಆಮ್ರಪಾಲಿ ಕೇಳುತ್ತಿದ್ದಾಳೆ

ತುಕ್ಕಾನಟ್ಟಿ, ತಾ. ಮೂಡಲಗಿ
೨೪ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಪೂನಮ್,

ನಿನ್ನ ಅತ್ತೆ ಸತ್ತೆವ್ವನ ಜೈಭೀಮ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಪೊಲೀಸ್ ಟ್ರೇನಿಂಗಿನಲ್ಲಿ ಬೆಳಿಗ್ಗೆ ಓಡಿಸುವಾಗ ಬಾತುಕೊಂಡಿದೆ ಎಂದು ಹೋದ ತಿಂಗಳು ಅಂದಿದ್ದೆ. ಆಮೇಲೆ ನಾನು ಕೇಳಿದಾಗಲೆಲ್ಲ "ಆರಾಮ ಐತಿ ಅತ್ತಿ" ಎಂದು ಮಾತು ಹಾರಿಸುತ್ತೀಯ. ನಿನ್ನ ಆರಾಮ ನನಗೆ ಗೊತ್ತಿಲ್ಲವೇ, ಜ್ವರ ಬಂದಾಗಲೂ ನೀನು ಆರಾಮವೇ ಇದ್ದವಳು. ಎಣ್ಣೆ ಬೆಚ್ಚಗೆ ಮಾಡಿ ಯಾರಾದರೂ ಗೆಳತಿಯ ಕೈಯಲ್ಲಿ ತಿಕ್ಕಿಸಿಕೋ. ಮೈಸೂರಿನ ಊಟ ಒಗ್ಗಿತೇ? "ಅತ್ತಿ, ಮುದ್ದಿ ಅಗೀಬಾರದಂತ, ನುಂಗಬೇಕಂತ" ಎಂದು ನೀನು ಹೇಳಿದ್ದನ್ನು ನೆನೆಸಿಕೊಂಡು ನಿನ್ನ ಗಂಡ ಅರ್ಜುನ ಈಗಲೂ ನಗುತ್ತಾನೆ. ನಾನು ನಗುವುದಿಲ್ಲ. ರೊಟ್ಟಿ ತಿಂದು ಬೆಳೆದ ಹುಡುಗಿ ಅಲ್ಲಿ ಏನು ತಿನ್ನುತ್ತಾಳೋ ಎಂದು ತಟ್ಟೆಯ ಮುಂದೆ ಕೂತಾಗೆಲ್ಲ ಅನಿಸುತ್ತದೆ.

ಅತ್ತೆ ಪುಸ್ತಕದ ಕನ್ನಡದಲ್ಲಿ ಬರೆಯುತ್ತಾಳೆ ಎಂದು ನೀನೂ ನಗಬೇಡ. ನಾನು ಕಲಿತದ್ದು ಏಳನೆಯ ತರಗತಿಯ ತನಕ. ಪತ್ರವನ್ನು ಹೀಗೇ ಬರೆಯಬೇಕೆಂದು ನಮ್ಮ ಮಾಸ್ತರರು ಕೈಮೇಲೆ ಹೊಡೆದು ಕಲಿಸಿದ್ದಾರೆ, ಈ ವಯಸ್ಸಿನಲ್ಲಿ ಕೈ ಬೇರೆ ದಾರಿ ಹಿಡಿಯುವುದಿಲ್ಲ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕಬ್ಬಿನ ಹಂಗಾಮು ಶುರುವಾದ್ದರಿಂದ ಅರ್ಜುನ ಟ್ರ್ಯಾಕ್ಟರ್ ಹತ್ತಿದರೆ ಯಾವಾಗ ಇಳಿಯುತ್ತಾನೋ ಹೇಳಲಾಗದು. ನಾನು ಎಂದಿನಂತೆ ಶಾಲೆಯ ಅಡುಗೆಮನೆ, ಆಮೇಲೆ ನಮ್ಮ ಅಡುಗೆಮನೆ. ರೊಟ್ಟಿ ಬಡಿಯುವಾಗ ಮಾತ್ರ ಕೈ ಸೋಲುತ್ತದೆ. ನೀನು ಬೇಯಿಸುತ್ತಿದ್ದೆ, ನಾನು ಬಡಿಯುತ್ತಿದ್ದೆ, ನಡುವೆ ಊರವರ ಸುದ್ದಿಯೆಲ್ಲ ಮುಗಿಯುತ್ತಿತ್ತು. ಈಗ ಒಬ್ಬಳೇ ಬಡಿದು ಒಬ್ಬಳೇ ತಿರುವಿ ಹಾಕುತ್ತೇನೆ. ಸೊಸೆ ಇಲ್ಲದೆ ಅತ್ತೆಗೆ ಇಷ್ಟು ಬೇಸರವಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಿನ್ನೆ ಭಾನುವಾರ ಫೋನಿನಲ್ಲಿ ನೀನು ಅಂದ ಮಾತು ನನ್ನ ಎದೆಯಲ್ಲಿ ಕೂತಿದೆ. "ಅತ್ತಿ, ನಾಲ್ಕ ತಿಂಗಳಾತು, ನನ್ನ ಮಗಳು ನನ್ನ ಜೋಡಿ ಒಂದು ಮಾತಾಡಿಲ್ಲ. ನನಗ ಈ ನೌಕರಿ ಬ್ಯಾಡ, ನಾ ಬಿಟ್ಟು ಬರ್ತೀನಿ." ನಾನು ಏನೋ ಹೇಳಬೇಕೆನ್ನುವಷ್ಟರಲ್ಲಿ ನಿಮ್ಮ ಹತ್ತು ನಿಮಿಷ ಮುಗಿದು ಫೋನು ಇನ್ನೊಬ್ಬರ ಕೈಗೆ ಹೋಯಿತು. ಅದಕ್ಕೇ ಇವತ್ತು ಶಾಲೆಯ ಪಾತ್ರೆ ತೊಳೆದಿಟ್ಟು, ಕೈ ಒರೆಸಿಕೊಂಡು, ಅಲ್ಲೇ ಅಡುಗೆಕೋಣೆಯಲ್ಲಿ ಬರೆಯಲು ಕೂತಿದ್ದೇನೆ. ಬಿಟ್ಟು ಬರುವ ಮಾತು ಈ ಪತ್ರ ಪೂರ್ತಿ ಓದುವ ತನಕ ಯಾರ ಮುಂದೆಯೂ ಎತ್ತಬೇಡ.

ನಿನ್ನ ಮಗಳ ತರಗತಿಯ ಸುದ್ದಿ ಹೇಳುತ್ತೇನೆ. ಒಂದನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮ ಬಂದಿದೆ ಎಂದು ಜೂನಿನಲ್ಲಿ ನೀನೇ ಹೆಸರು ಹಚ್ಚಿದ್ದೆ. ದಾಕ್ಷಾಯಿಣಿ ಟೀಚರ್ ಬಂದದ್ದು ನೀನು ಹೋದ ಮೇಲೆ. ಹುಕ್ಕೇರಿ ಕಡೆಯವರು, ಗೋಕಾಕದಲ್ಲಿ ಬಾಡಿಗೆ ಮನೆ ಮಾಡಿ ದಿನಾ ಸ್ಕೂಟಿಯಲ್ಲಿ ಬರುತ್ತಾರೆ. ಊಟದ ಗಂಟೆ ಮುಗಿಯುವ ತನಕ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವುದಿಲ್ಲ. ಊಟವಾದ ಮೇಲೆ ಕನ್ನಡ. ಮೊದಲ ವಾರ ನಾನು ಅಡುಗೆಕೋಣೆಯ ಕಿಟಕಿಯಿಂದ ನೋಡಿ, ಈ ಹೆಣ್ಣುಮಗಳಿಗೆ ತಲೆ ಸರಿ ಇದೆಯೇ ಎಂದುಕೊಂಡಿದ್ದೆ. ನೀರು ಎನ್ನುವುದಕ್ಕೆ ಕುಡಿದು ತೋರಿಸುವುದು, ಕೂತುಕೊಳ್ಳಿ ಎನ್ನುವುದಕ್ಕೆ ತಾವೇ ಹತ್ತು ಸಲ ಕೂತು ಏಳುವುದು. ಆದರೆ ಮಕ್ಕಳು ಕಲಿತವು, ಪೂನಮ್. ಗಣಪತಿ ಹಬ್ಬದ ಹೊತ್ತಿಗೆ ಆ ಸುಂದ್ರವ್ವನ ಮೊಮ್ಮಗ ಕೇದಾರಿ ನನಗೇ "ಗಿವ್ ಮಿ ಮೋರ್ ಸಾಂಬಾರ್" ಎಂದು ಹುಕುಂ ಮಾಡತೊಡಗಿದ. ಸುಂದ್ರವ್ವ ನನ್ನ ಜೊತೆ ಅಡುಗೆ ಮಾಡುವವಳಲ್ಲವೇ, ಅವಳ ಮುಖ ಅವತ್ತು ನೋಡಬೇಕಾಗಿತ್ತು.

ಪ್ರತಿ ಶನಿವಾರ ಟೀಚರ್ ಒಂದು ಹಾಳೆ ಬರೆದು, ಝೆರಾಕ್ಸ್ ಮಾಡಿಸಿ, ಎಲ್ಲ ತಾಯಿತಂದೆಯರಿಗೆ ಕಳಿಸುತ್ತಾರೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಕನ್ನಡ. ಈ ವಾರ ಏನು ಕಲಿತೆವು, ಯಾವ ಹಾಡು ಹಾಡಿದೆವು ಎಂದೆಲ್ಲ ಇರುತ್ತದೆ. ಮನೆಯಲ್ಲಿ ಇಂಗ್ಲಿಷ್ ಮಾತಾಡು ಎಂದು ಜಬರದಸ್ತಿ ಮಾಡಬೇಡಿ, ನಿಮ್ಮ ಮಾತಿನಲ್ಲೇ ಕಥೆ ಹೇಳಿ ಎಂದೂ ಇರುತ್ತದೆ. ಕೊನೆಗೆ ಒಂದೊಂದು ಮಗುವಿನ ಹೆಸರು, ಅದರ ಮುಂದೆ ಆ ವಾರ ಆ ಮಗು ತಾನಾಗಿ ಆಡಿದ ಒಂದು ಮಾತು. ಹದಿನೆಂಟು ಮಕ್ಕಳು. ನಾನು ಹಾಳೆ ಕೈಗೆ ಬಂದ ಕೂಡಲೇ ಮೇಲಿನದೆಲ್ಲ ಬಿಟ್ಟು ನಮ್ಮ ಹುಡುಗಿಯ ಸಾಲಿಗೆ ಹೋಗುತ್ತಿದ್ದೆ. ಅಲ್ಲಿ ಪ್ರತಿ ವಾರವೂ ಒಂದೇ ಇರುತ್ತಿತ್ತು: ಆಮ್ರಪಾಲಿ ಕೇಳುತ್ತಿದ್ದಾಳೆ. ಹದಿನಾಲ್ಕು ವಾರ, ಪೂನಮ್. ಮನೆಯಲ್ಲಿ ನನ್ನ ಜೊತೆ ಜಗಳ ಆಡುವಷ್ಟು ಬಾಯಿ ಇದೆ, ಶಾಲೆಯ ಬಾಗಿಲು ದಾಟಿದರೆ ಮುಗಿಯಿತು, ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಒಂದು ದಿನ ತಡೆಯಲಾರದೆ ಟೀಚರನ್ನೇ ಕೇಳಿದೆ. "ಕೂಸು ಮೊದಲ ಕೇಳ್ತೈತ್ರಿ, ತುಂಬಿದ ಮ್ಯಾಲ ಮಾತಾಡ್ತೈತಿ. ಅವಸರ ಮಾಡಬ್ಯಾಡ್ರಿ" ಎಂದರು. ಅವರಿಗೇನು, ಹೇಳುವುದು ಸುಲಭ.

ಇನ್ನೊಂದು ಮಾತು, ಇದನ್ನು ಅರ್ಜುನನಿಗೂ ಹೇಳಿಲ್ಲ. ಮೊಟ್ಟೆ ಕೊಡುವ ದಿನ ಬಾಳೆಹಣ್ಣೂ ಇರುತ್ತದೆ. ಯಾವುದು ಬೇಕೋ ಅದನ್ನು ಮಗು ಇಂಗ್ಲಿಷಿನಲ್ಲಿ ಹೇಳಬೇಕು, ಹೇಳಿದ ಮೇಲೆಯೇ ನಾವು ಬಡಿಸಬೇಕು, ಬಾಯಿ ಬಿಡದಿದ್ದರೆ ಬಾಳೆಹಣ್ಣೇ ಕೊಡಬೇಕು ಎಂದು ಟೀಚರ್ ನಮಗಿಬ್ಬರಿಗೂ ತಾಕೀತು ಮಾಡಿದ್ದರು. ನಮ್ಮ ಅಮ್ರೂ ತಟ್ಟೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದಳು. ಅವಳಿಗೆ ಮೊಟ್ಟೆ ಎಂದರೆ ಜೀವ ಎಂದು ನನಗೆ ಗೊತ್ತಿಲ್ಲವೇ? ಟೀಚರ್ ಆ ಕಡೆ ತಿರುಗಿದೊಡನೆ ಹಾಕಿಬಿಡುತ್ತಿದ್ದೆ. ಅನ್ನವನ್ನೂ ಕೇಳದೇ ಎರಡು ಸಲ ಹಾಕುತ್ತಿದ್ದೆ. ಸಿಕ್ಕಿಬಿದ್ದೆ ಅನ್ನು. "ಸತ್ತೆವ್ವಾರ, ನೀವ ಆಕಿ ಬಾಯಿ ಆದ್ರ ಆಕಿ ತನ್ನ ಬಾಯಿ ಯಾವಾಗ ತಗೀಬೇಕ್ರಿ?" ಎಂದರು. ಸಿಟ್ಟು ಬಂತು. ಎರಡು ದಿನ ಅವರಿಗೆ ಚಹಾ ಕೊಡಲಿಲ್ಲ. ಮೂರನೆಯ ದಿನ ನಾನೇ ಸುಂದ್ರವ್ವನಿಗೆ ಸೌಟು ಕೊಟ್ಟು ಒಳಗೆ ಒಲೆಯ ಹತ್ತಿರ ಕೂತೆ. ಅವತ್ತಿನಿಂದ ಹುಡುಗಿ ಬಾಯಿ ಬಿಡದೆ ಬಾಳೆಹಣ್ಣು ತಿಂದಳೇ ಹೊರತು ಮೊಟ್ಟೆ ಕೇಳಲಿಲ್ಲ. ನಿನ್ನ ಹಟ, ಮತ್ತೆ ಯಾರದು.

ಆ ತರಗತಿಯಲ್ಲಿ ಒಂದು ಪದ್ಧತಿ ಇದೆ. ಯಾರೇ ಹೊರಗೆ ಹೋದರೂ, ನೀರಿಗೇ ಹೋಗಲಿ, ಇನ್ನೆಲ್ಲಿಗೇ ಹೋಗಲಿ, ಬಾಗಿಲಲ್ಲಿ ನಿಂತು "ಐ ವಿಲ್ ಗೋ ಅಂಡ್ ಕಮ್" ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು. ಕೂತವರೆಲ್ಲ "ಗೋ ಅಂಡ್ ಕಮ್" ಎನ್ನಬೇಕು. ಟೀಚರ್ ತಾವು ಹೋದರೂ ಹೇಳಿಯೇ ಹೋಗುತ್ತಾರೆ. "ನಮ್ಮ ಮಂದಿ ಹೋಗ್ತೀನಿ ಅನ್ನೂದಿಲ್ಲಲ್ರಿ, ಹೋಗಿ ಬರ್ತೀನಿ ಅಂತಾರ, ಅದನ್ನ ಇಂಗ್ಲಿಷನ್ಯಾಗ ಹಾಕೀನಿ" ಎಂದರು. ನಮ್ಮ ಅಮ್ರೂ ಆ ಮಾತು ಹೇಳಬೇಕಾಗುತ್ತದೆ ಎಂದು ಹೊರಗೇ ಹೋಗುತ್ತಿರಲಿಲ್ಲ. ಸಂಜೆ ಶಾಲೆ ಬಿಟ್ಟ ಕೂಡಲೇ ಮನೆಗೆ ಓಟ.

ಹೋದ ಗುರುವಾರ ಏನಾಯಿತೆಂದರೆ, ಕಾಗದಪತ್ರ ತುರ್ತಾಗಿ ಬೇಕೆಂದು ಮೂಡಲಗಿ ಆಫೀಸಿನಿಂದ ಫೋನು ಬಂತು. ಮಕ್ಕಳು ಜೇಡಿಮಣ್ಣಿನ ಹಣ್ಣು ಮಾಡುತ್ತ ಕೂತಿದ್ದವು. ಟೀಚರ್ ಪಕ್ಕದ ತರಗತಿಯವರಿಗೆ ನೋಡಿಕೊಳ್ಳಲು ಹೇಳಿ, ಗಡಿಬಿಡಿಯಲ್ಲಿ ಮಕ್ಕಳಿಗೆ ಹೇಳದೇ ಸ್ಕೂಟಿ ಹತ್ತಿದರು. ಉಳಿದ ಮಕ್ಕಳಿಗೆ ಅದು ಗೊತ್ತೇ ಆಗಲಿಲ್ಲ. ಅಮ್ರೂ ಎದ್ದು ಹೋಗಿ ಗೇಟಿನ ಸರಳು ಹಿಡಿದು ನಿಂತಳು. ಊಟದ ಗಂಟೆ ಹೊಡೆಯಿತು, ಬರಲಿಲ್ಲ. ನಾನು ಎಲ್ಲ ತಾಕೀತು ಮರೆತು ತಟ್ಟೆಯಲ್ಲಿ ಎರಡು ಮೊಟ್ಟೆ ಇಟ್ಟುಕೊಂಡು ಹೋದೆ. ನನ್ನ ಕಡೆ ತಿರುಗಲೂ ಇಲ್ಲ. ಮುಟ್ಟಿ ಎಳೆದರೆ ಸರಳು ಬಿಡಲಿಲ್ಲ. ಅಳುತ್ತಲೂ ಇರಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಆ ತಟ್ಟೆ ಹಿಡಿದು ನಾನೂ ಅಲ್ಲೇ ಬಿಸಿಲಲ್ಲಿ ಕೂತೆ.

ಎರಡೂವರೆಗೆ ಟೀಚರ್ ಬಂದರು. ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ. ಇವಳು ಗೇಟಿಗೆ ಅಡ್ಡ ನಿಂತು, ನೀನು ಸಿಟ್ಟಿನಲ್ಲಿ ನಿಲ್ಲುತ್ತೀಯಲ್ಲ ಹಾಗೆ ಸೊಂಟದ ಮೇಲೆ ಕೈ ಇಟ್ಟು, "ಟೀಚರ್, ಯು ಗೋ. ಯು ನೋ ಸೇ ಗೋ ಅಂಡ್ ಕಮ್" ಎಂದಳು. ನೀನು ಹೋದೆ, ಹೋಗಿ ಬರ್ತೀನಿ ಅಂತ ಹೇಳಲಿಲ್ಲ ಎಂದು ಬೈದಳು, ಪೂನಮ್, ಮೊದಲನೆಯ ಮಾತಿಗೇ ಟೀಚರನ್ನೇ ಬೈದಳು. ಆ ತಾಯಿ ಧೂಳಿನಲ್ಲಿ ಮೊಣಕಾಲೂರಿ ಕೂತು "ಸಾರಿ" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಎದ್ದು ಸ್ಕೂಟಿ ತಿರುಗಿಸಿ, ಹೋಗುವವರ ಹಾಗೆ ನಿಂತು, ಆಗ ಹೇಳದ ಮಾತನ್ನು ಈಗ ಹೇಳಿದರು: "ಐ ವಿಲ್ ಗೋ ಅಂಡ್ ಕಮ್." ಇವಳು ಸಣ್ಣಗೆ "ಗೋ ಅಂಡ್ ಕಮ್" ಎಂದು ಗೇಟು ತೆರೆದಳು. ತಣ್ಣಗಾದ ಅನ್ನವನ್ನು, ಎರಡೂ ಮೊಟ್ಟೆಯನ್ನು ಅಲ್ಲೇ ನಿಂತು ತಿಂದಳು.

ಶನಿವಾರದ ಹಾಳೆ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಸಾಲು ನೋಡು. ಅವಳ ಮಾತನ್ನು ತಿದ್ದದೆ ಹಾಗೇ ಬರೆದಿದ್ದಾರೆ, ಕೆಳಗೆ ಕನ್ನಡದಲ್ಲಿ "ಈ ವಾರ ತಪ್ಪು ಟೀಚರದು" ಎಂದೂ ಬರೆದಿದ್ದಾರೆ. ಅರ್ಜುನ ಅದನ್ನು ಕಾರ್ಖಾನೆಯಲ್ಲಿ ಟ್ರ್ಯಾಕ್ಟರಿನವರಿಗೆಲ್ಲ ಓದಿ ತೋರಿಸಿದನಂತೆ.

ನಿನ್ನ ಫೋನು ಬಂದಾಗ ಅವಳು ಓಡಿ ಹೋಗುತ್ತಾಳೆ ಎಂದು ನೀನು ತಿಳಿದಿದ್ದೀಯ. ದೂರ ಹೋಗುವುದಿಲ್ಲ. ಸ್ಪೀಕರ್ ಹಾಕಿದ ಫೋನು ಕೇಳುತ್ತ ಬಾಗಿಲ ಹಿಂದೆ ನಿಲ್ಲುತ್ತಾಳೆ, ಅವಳ ಕಾಲಬೆರಳು ನನಗೆ ಕಾಣುತ್ತವೆ. ಉಗುರು ಬೆಳೆದಿರಬೇಕು ಎಂದು ನೀನು ಅಂದ ವಾರ, ಮರುದಿನ ತಾನೇ ನೇಲ್‌ಕಟರ್ ತಂದು ನನ್ನ ಮುಂದೆ ಹತ್ತೂ ಬೆರಳು ಚಾಚಿದಳು. ಬಲಗೈಯಲ್ಲಿ ಸೆಲ್ಯೂಟ್ ಹೊಡೆಯುವುದು ಕಲಿತೆ ಎಂದೆಯಲ್ಲ, ಶಾಲೆಯ ನಳದ ಮುಂದೆ ಒಬ್ಬಳೇ ನಿಂತು ಸೆಲ್ಯೂಟ್ ಹೊಡೆಯುವುದನ್ನು ಸುಂದ್ರವ್ವ ನನಗೆ ತೋರಿಸಿದಳು. ನೀನು ಹೇಳಿದ ಒಂದು ಮಾತೂ ಕೆಳಗೆ ಬಿದ್ದಿಲ್ಲ.

ಮೈ ನೋಡಿಕೋ. ನಿನ್ನ ಜೊತೆಯ ಹುಡುಗಿಯರಿಗೆಲ್ಲ ಈ ಮುದುಕಿಯ ಹರಕೆ ಮುಟ್ಟಲಿ. ಖಾಕಿ ಹಾಕಿಕೊಂಡು ನಮ್ಮ ಓಣಿಯಲ್ಲಿ ನಡೆದು ಬರುವ ತನಕ ನಿನಗೆ ಗಟ್ಟಿ ಕಾಲು, ಗಟ್ಟಿ ಮನಸ್ಸು ಇರಲಿ.

ನಿನ್ನ ದಾರಿ ನೋಡುತ್ತಿರುವ ಅತ್ತೆ,
ಸತ್ತೆವ್ವ

ತಾ.ಕ.: ಪೋಸ್ಟಿನ ಸಾಗರ ಬಂದು ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಜುಲೈನಲ್ಲಿ ನೀನು ಹೊರಟ ದಿನ, ಕೂಸಿಗೆ ಹೇಳಿಯೇ ಹೋಗ್ತೀನಿ ಎಂದು ನೀನು ಹಟ ಹಿಡಿದಿದ್ದೆ. ರಂಪ ಮಾಡ್ತಾಳ, ಸುಮ್ಮನೆ ಹೋಗು ಎಂದು ಕದ್ದು ಕಳಿಸಿದವಳು ನಾನು. ಅವಳು ಎದ್ದು ಕೇಳಿದಾಗ "ಮಮ್ಮಿ ಗೋಕಾಕಕ್ಕ ಕರದಂಟು ತರಾಕ ಹೋಗ್ಯಾಳ, ಸಂಜಿಗೆ ಬರ್ತಾಳ" ಎಂದವಳೂ ನಾನೇ. ಸಂಜೆಯ ತನಕ ಕಟ್ಟೆಯ ಮೇಲೆ ಕೂತಿದ್ದಳು. ಮರುದಿನ ಅರ್ಜುನ ಖರೆ ಕರದಂಟು ತಂದ, ಮುಟ್ಟಲಿಲ್ಲ, ಆ ಡಬ್ಬಿ ಇನ್ನೂ ಒಡೆಯದೆ ಗೋಡೆಯ ಮಾಡದಲ್ಲಿದೆ. ಇದನ್ನು ನಿನಗೆ ಹೇಳಿರಲಿಲ್ಲ. ಗುರುವಾರ ಗೇಟಿನಲ್ಲಿ ಅವಳು ಬೈದದ್ದು ಟೀಚರಿಗೆ ಆದರೂ ಬಡಿದದ್ದು ನನಗೆ. ತಪ್ಪು ನನ್ನದು, ನೀನು ನೌಕರಿ ಬಿಟ್ಟು ಅದಕ್ಕೆ ದಂಡ ಕಟ್ಟಬೇಡ. ಬರುವ ಭಾನುವಾರ ಫೋನು ಮಾಡಿದಾಗ ಊಟ ಮಾಡಿದಿ ಏನು, ನನ್ನ ನೆನಪು ಐತಿ ಏನು ಎಂದು ಏನೂ ಕೇಳಬೇಡ. ನಾನು ಫೋನನ್ನು ಬಾಗಿಲ ಹತ್ತಿರ ಹಿಡಿಯುತ್ತೇನೆ. ಅವತ್ತು ನಾನು ಹೇಳಗೊಡದ ಮಾತನ್ನು ಮೊದಲು ಹೇಳು, "ಅಮ್ರೂ, ನಾ ಹೋಗಿ ಬರ್ತೀನಿ" ಅನ್ನು. ಆಮೇಲೆ ಸುಮ್ಮನಿರು, ಹತ್ತು ನಿಮಿಷವೂ ಹೋದರೆ ಹೋಗಲಿ. ಹೋಗಿ ಬಾ ಎಂದಳೋ, ಚಲೋ ಆಯಿತು. ಅನ್ನದಿದ್ದರೆ ಬಿಟ್ಟು ಬರಬೇಡ ಪೂನಮ್, ಕೇಳುತ್ತಿದ್ದಾಳೆ.