ಕೆಟ್ಟ ಅತ್ತೆಯ ಕ್ಲೆಪೊನ್

ಚಿಬುಬುರ್, ಜಕಾರ್ತಾ
ಆಗಸ್ಟ್ ೧೨, ಮಂಗಳವಾರ

ನನ್ನ ಮುದ್ದು ಲಿಂತಾಂಗ್,

ಹೇಗಿದ್ದೀಯ ಮಗನೇ? ಹಡಗಿನ ಊಟ ಸೇರುತ್ತಿದೆಯಾ, ಹೊಟ್ಟೆ ತೊಳಸುವುದು ನಿಂತಿತಾ? ಶುಂಠಿ ನೀರು ಕುಡಿ ಎಂದರೆ ನೀನು ಕೇಳುವವನಲ್ಲ, ನಿಮ್ಮಪ್ಪನ ಹಟವೇ ಬಂದಿದೆ. ನಡುಸಮುದ್ರದಲ್ಲಿ ನಿನ್ನ ಫೋನು ಸಿಗುವುದಿಲ್ಲ, ನನಗೋ ವಿಷಯ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಅಂಬೋನ್ ಬಂದರಿಗೆ ಈ ಕಾಗದ.

ಭಾನುವಾರ ಪುರ್ವೊರೆಜೊಗೆ ಹೋಗಿ ನಿನ್ನ ಪಲುಪಿಯನ್ನು ಸೊಸೆಯಾಗಿ ಕೇಳಿದೆ. ಕೈಯಾರೆ ಅಕ್ಕಿಹಿಟ್ಟಿನ ಉಂಡೆಗೆ ಬೆಲ್ಲ ತುಂಬಿ, ಕಾಯಿತುರಿಯಲ್ಲಿ ಹೊರಳಿಸಿ ಕ್ಲೆಪೊನ್ ಮಾಡಿಕೊಂಡು ಹೋಗಿದ್ದೆ. ಅವಳನ್ನು ಸಾಕಿದ ಸುಮಿರಾ ಅಜ್ಜಿ ಬಾಗಿಲಲ್ಲಿ ನನ್ನನ್ನು ಕಂಡವರೇ ಎದೆ ಹಿಡಿದುಕೊಂಡರು. ಹನ್ನೊಂದು ವರ್ಷದಿಂದ ಧಾರಾವಾಹಿಯಲ್ಲಿ ಕೆಟ್ಟ ಅತ್ತೆಯಾಗಿದ್ದೇನಲ್ಲ, ಸಂತೆಯಲ್ಲಿ ಹೆಂಗಸರು ಚಿವುಟುವುದು, ಸೊಪ್ಪಿನವಳು ಬಾಡಿದ್ದನ್ನೇ ಕೊಡುವುದು ಎಲ್ಲ ಅಭ್ಯಾಸವಾಗಿದೆ. ಆದರೆ ಹಿಂದಿನ ಸಂಜೆಯಷ್ಟೇ ನಾನು ಸೊಸೆಯ ಸಾರಿಗೆ ವಿಷ ಬೆರೆಸಿದ್ದು ಮರೆತೇಹೋಗಿತ್ತು. ಅಜ್ಜಿ ಡಬ್ಬಿಯನ್ನು ನನ್ನ ಕಡೆಗೇ ತಳ್ಳಿ, ‘ಮೊದ್ಲು ನೀನು ತಿನ್ನು’ ಎಂದರು. ಒಂದು ತಿಂದೆ. ಇನ್ನೊಂದು ಎಂದರು. ಬೀಳುತ್ತೇನೋ ಎಂದು ನೋಡುತ್ತಾ ಆರು ತಿನ್ನಿಸಿದರು ಕಣೋ.

‘ನಟನೆ ಅಂತ ನಂಗೂ ಗೊತ್ತಮ್ಮ. ಆದ್ರೆ ಅಷ್ಟು ಚೆನ್ನಾಗಿ ಕಣ್ಣು ಕೆಕ್ಕರಿಸ್ಬೇಕಾದ್ರೆ ಒಳಗೆ ಏನಾದ್ರೂ ಇರ್ಲೇಬೇಕಲ್ಲ. ನನ್ನ ಹುಡುಗೀನ ಕೊಡಲ್ಲ’ ಎಂದುಬಿಟ್ಟರು. ಅಡುಗೆಮನೆ ಬಾಗಿಲಲ್ಲಿ ಪಲುಪಿ ಸದ್ದಿಲ್ಲದೆ ಅಳುತ್ತಿದ್ದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ನಿನ್ನೆ ನಮ್ಮ ಕಥೆ ಬರೆಯುವ ಹೆಂದಾರ್ತೊ ಅವರ ಹತ್ತಿರ, ನನ್ನನ್ನು ಒಳ್ಳೆಯವಳನ್ನಾಗಿ ಮಾಡಿ ಎಂದು ಬೇಡಿಕೊಂಡೆ. ನೀವು ಒಳ್ಳೆಯವರಾದರೆ ಯಾರು ನೋಡುತ್ತಾರೆ, ಬೇಕಾದರೆ ಪಶ್ಚಾತ್ತಾಪಪಟ್ಟು ಸಾಯಿರಿ ಎಂದು ನಕ್ಕರು. ಆಗಲಿ ಎಂದೆ. ಅವರ ನಗು ನಿಂತಿತು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಸತ್ತೆ. ಸುಳ್ಳೇಕೆ ಹೇಳಲಿ, ಹನ್ನೊಂದು ವರ್ಷ ಅನ್ನ ಕೊಟ್ಟ ಪಾತ್ರ, ದುಃಖವಾಯಿತು. ಧಾರಾವಾಹಿಯ ಸೊಸೆ ಮೆಲಾತಿಯ ಕೈಹಿಡಿದು ಕ್ಷಮೆ ಕೇಳಿ ಕಣ್ಣುಮುಚ್ಚಬೇಕಿತ್ತು. ಬಾಯಿಂದ ಬಂದದ್ದೇ ಬೇರೆ. ‘ಪಲುಪಿ, ನನ್ನ ಕ್ಷಮಿಸಮ್ಮ’ ಎಂದುಬಿಟ್ಟೆ. ನಿರ್ದೇಶಕರು ತಲೆ ಚಚ್ಚಿಕೊಂಡರು. ಆದರೆ ಬೆಳಿಗ್ಗೆ ತೆಗೆದದ್ದು ಸಂಜೆ ಏಳಕ್ಕೆ ಪ್ರಸಾರವಾಗಬೇಕು, ಇನ್ನೂ ನಾಲ್ಕು ದೃಶ್ಯ ಬಾಕಿ. ಮತ್ತೆ ತೆಗೆಯಲು ಪುರುಸೊತ್ತೆಲ್ಲಿ? ಹಾಗೇ ಬಿಟ್ಟರು. ನಮ್ಮ ಹುಡುಗಿಯ ಹೆಸರನ್ನು ಟೀವಿಗೆ ಎಳೆದಳು ಎಂದು ಅಜ್ಜಿ ಇನ್ನಷ್ಟು ಸಿಟ್ಟಾಗುತ್ತಾರೇನೋ ಎಂದು ಭಯವಾಗಿದೆ. ನಿನ್ನ ಮದುವೆ ನನ್ನಿಂದಲೇ ಕೆಟ್ಟರೆ ನನ್ನ ಮೇಲೆ ಬೇಜಾರು ಮಾಡಿಕೊಳ್ಳಬೇಡ ಮಗನೇ.

ಸಮುದ್ರ ನಿನ್ನನ್ನು ಮೆಲ್ಲಗೆ ತೂಗಲಿ. ನಿನ್ನ ಜೊತೆಯವರಿಗೆಲ್ಲ ನನ್ನ ಆಶೀರ್ವಾದ ಹೇಳು.

ನಿನ್ನ ಅಮ್ಮ,
ರುಸ್ಮಿಯಾತಿ

ಮರೆಯುವ ಮೊದಲು: ಲಕೋಟೆ ಅಂಟಿಸುವಷ್ಟರಲ್ಲಿ ಫೋನು ಬಂತು. ಏಳೂವರೆ ಗಂಟೆ, ಸುಮಿರಾ ಅಜ್ಜಿ. ಮೊದಲು ಬರೀ ಅಳು. ಆಮೇಲೆ ನಾನು ಹುಷಾರಾಗಿದ್ದೇನಾ, ಊಟ ಮಾಡಿದೆನಾ ಎಂದು ಕೇಳಿದರು. ಉಂಡು ಪಾತ್ರೆಯನ್ನೂ ತೊಳೆದಿಟ್ಟೆ ಎಂದಮೇಲೆಯೇ ಅವರಿಗೆ ಸಮಾಧಾನವಾದದ್ದು. ಬೇಗ ರಜೆ ಕೇಳು. ಅಜ್ಜಿ ಕೊನೆಗೆ ಹೇಳಿದ್ದಿಷ್ಟು: ‘ಭಾನುವಾರ ಬಾ. ಕ್ಲೆಪೊನ್ ಮಾಡ್ಕೊಂಡು ಬಾ. ಈ ಸಲ ಮೊದ್ಲು ನಾನು ತಿಂತೀನಿ.’