ಹತ್ತೊಂಬತ್ತು ಮುದುಕರಿಗೆ ನರ್ಸ್ ಯಾಕೆ ಎಂದವರಿಗೆ

ಹೊರದ್ವೀಪಗಳ ಆಡಳಿತಾಧಿಕಾರಿಗಳೇ,

ನಮ್ಮ ನುಕುರೆವಾ ದ್ವೀಪದಲ್ಲಿರುವುದು ಬರೀ ಹತ್ತೊಂಬತ್ತು ಜನ, ಎಲ್ಲರೂ ಎಪ್ಪತ್ತು ದಾಟಿದವರು ಎಂದು ತಾವು ಬರೆದುಕೊಂಡಿದ್ದೀರಿ. ಇಷ್ಟು ಜನಕ್ಕೆ ನರ್ಸ್ ದಂಡ ಎಂದು ಇಲ್ಲಿನ ನರ್ಸ್ ನವೈನೆಯನ್ನು ಮುಂದಿನ ಹಡಗಿಗೇ ವಾಪಸು ಕರೆಸಿಕೊಳ್ಳುತ್ತಿದ್ದೀರಿ. ಆ ಹತ್ತೊಂಬತ್ತರಲ್ಲಿ ನಾನಿಲ್ಲ. ನನ್ನ ಮಗಳು ಮೊಯೆರಾಳೂ ಇಲ್ಲ. ಅವಳೀಗ ಎಂಟು ತಿಂಗಳ ಬಸುರಿ. ಚೊಚ್ಚಲ ಹೆರಿಗೆಯಲ್ಲಿ ಮಗು ಅಡ್ಡ ತಿರುಗಿದಾಗ ನವೈನೆ ಇಲ್ಲದಿದ್ದರೆ ಇಬ್ಬರೂ ನಮ್ಮ ಕೈಬಿಟ್ಟು ಹೋಗುತ್ತಿದ್ದರು. ನನಗೆ ಭಯವಾಗಿದೆ, ಸ್ವಾಮಿ.

ತಮ್ಮ ಗಣತಿದಾರ ಬಂದದ್ದು ಯಾವಾಗ? ವರ್ಷವೆಲ್ಲ ಮುಟ್ಟದೆ ಕಾದಿಟ್ಟ ತೆಂಗಿನ ನಡುಗಡ್ಡೆಯನ್ನು ತೆರೆದು, ಊರಿಗೆ ಊರೇ ಬಾಗಿಲು ಹಾಕಿ ಕಾಯಿ ಕೀಳಲು ಅಲ್ಲಿಗೆ ಹೋಗಿದ್ದ ಆರು ವಾರದಲ್ಲಿ. ದೋಣಿ ಹತ್ತಲಾರದ ವಯಸ್ಸಾದವರಷ್ಟೇ ಊರಲ್ಲಿದ್ದರು. ಅವನು ಮತಾ ಅಜ್ಜಿಯನ್ನು ಕೇಳಿದನಂತೆ:

"ಮಿಕ್ಕವರೆಲ್ಲ ಎಲ್ಲಜ್ಜಿ?"

"ಅಗೋ, ಆಚೆ ದಡದಲ್ಲಿ ಹೊಗೆ ಕಾಣ್ತಿಲ್ವೇನಪ್ಪ?"

"ನನ್ನ ನಕ್ಷೇಲಿ ಅದು ನಿರ್ಜನ ದ್ವೀಪ."

"ಹಂಗಾದ್ರೆ ನಿನ್ನ ನಿರ್ಜನದವ್ರು ಮೀನು ಸುಡ್ತಾವ್ರೆ. ಹೋಗು, ನಿಂಗೂ ಒಂದು ಕೊಡ್ತಾರೆ."

ಅವನು ಹೋಗಲಿಲ್ಲ. ಹಡಗಿಗೆ ಹೊತ್ತಾಗಿತ್ತಂತೆ.

ಊರಿಗೆ ಮೀನು ಪಾಲು ಹಾಕುವವನು ನಾನು. ತಲೆಗೊಂದು ಗುಡ್ಡೆ, ಹಾಲು ಕುಡಿಯುವ ಕೂಸಿಗೂ ಒಂದು. ಒಂದು ತಲೆ ತಪ್ಪಿದರೂ ಹೆಂಗಸರು ಅಲ್ಲೇ ನನ್ನ ಮುಖಕ್ಕೆ ಮಂಗಳಾರತಿ ಎತ್ತುತ್ತಾರೆ. ಕಳೆದ ವಾರ ಇನ್ನೂರ ಆರು ಗುಡ್ಡೆ ಹಾಕಿದೆ, ಯಾರೂ ಬೈಯಲಿಲ್ಲ. ನೂರಾ ಎಂಬತ್ತೇಳು ತಲೆ ತಪ್ಪಿಸಿದ ತಮ್ಮ ಗಣತಿದಾರನನ್ನು ಬೈಯುವವರು ಯಾರು? ಅವನಿಗೆ ಬಡ್ತಿ ಸಿಕ್ಕಿದೆ ಎಂದು ಕೇಳಿದೆ. ಸಂತೋಷ.

ನವೈನೆಯನ್ನು ಕರೆಸಿಕೊಳ್ಳುವ ಆದೇಶ ರದ್ದಾಗಲಿ. ಎಲ್ಲರೂ ಮನೆಯಲ್ಲಿರುವಾಗ ಬಂದು ಮತ್ತೆ ಎಣಿಸಿ. ನವೈನೆಯೂ, "ಮೊಯೆರಾಳ ಹೆರಿಗೆ ಆಗ್ಲಿ ಮಾವ, ಆಮೇಲೆ ನನ್ನ ಕೆಲ್ಸ ಹೋದ್ರೂ ಹೋಗ್ಲಿ" ಎನ್ನುತ್ತಿದ್ದಾಳೆ. ತಾವು ಮಾತ್ರ ರೇಡಿಯೊದಲ್ಲಿ ದಿನಾ ಗದರುತ್ತಿದ್ದೀರಿ, ಅವಳನ್ನು ಹಡಗಿಗೆ ಹತ್ತಿಸಿ ಎಂದು.

ಹತ್ತಿಸುವುದು ಹೇಗೆ? ಹಡಗು ಹವಳದ ದಿಬ್ಬದ ಹೊರಗೇ ನಿಲ್ಲುತ್ತದೆ. ಆ ಅಲೆ ದಾಟಿಸಲು ಗಟ್ಟಿ ರಟ್ಟೆಯ ಎಂಟು ಜನ ಹುಟ್ಟು ಹಾಕಬೇಕು. ಹಡಗು ಕಂಡು ನಡುಗಡ್ಡೆಯಿಂದ ದೋಣಿಯಲ್ಲಿ ಬಂದು, ತಮ್ಮ ಗಣತಿದಾರನನ್ನು ಬಟ್ಟೆ ನೆನೆಯದಂತೆ ದಡಕ್ಕೆ ತಂದು ಕಾಯಿ ಕೀಳಲು ಮರಳಿದ ಎಂಟು ಜನರನ್ನೂ ಅವನು ಬರೆದುಕೊಂಡಿಲ್ಲ. ತಮ್ಮ ದಾಖಲೆಯ ಪ್ರಕಾರ ಅಂಥ ಒಬ್ಬನೂ ಈ ದ್ವೀಪದಲ್ಲಿಲ್ಲ. ಸರ್ಕಾರಿ ದಾಖಲೆಯನ್ನು ಸುಳ್ಳು ಮಾಡುವಷ್ಟು ಧೈರ್ಯ ನಮಗಿಲ್ಲ. ಆದ್ದರಿಂದ ಹಡಗು ಬಂದ ದಿನ ನಮ್ಮ ದೋಣಿ ನೀರಿಗಿಳಿಯುವುದಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಹುಟ್ಟಿಯೇ ಇಲ್ಲದ
ತೈರಿ, ನುಕುರೆವಾ