ಚಹಾಕ್ಕೆ ಎತ್ತಿದ ಕೈ

ಬ್ಯಾಂಕಿನ ವಿಚಾರಣೆಗೆಂದು ಬಂದು, ವಿಚಾರಿಸಬೇಕಾದವರನ್ನಷ್ಟೇ ಬಿಟ್ಟು ಉಳಿದವರನ್ನೆಲ್ಲ ವಿಚಾರಿಸಿದ ಮಾನ್ಯ ಅಧಿಕಾರಿಗಳೇ,

ಮುಚ್ಚಿಹೋದ ನಮ್ಮ ಬ್ಯಾಂಕಿನ ನಷ್ಟಕ್ಕೆ ನಿರ್ದೇಶಕರನ್ನು ಹೊಣೆ ಮಾಡಲಾಗದು ಎಂದು ತಾವು ವರದಿ ಬರೆದಿದ್ದೀರಿ. ಅವರು ಕೊಟ್ಟ ಸಾಲಗಳನ್ನೆಲ್ಲ ವಾರ್ಷಿಕ ಸಭೆಯಲ್ಲಿ ಷೇರುದಾರರು ‘ಕೈ ಎತ್ತಿ, ಸರ್ವಾನುಮತದಿಂದ’ ಒಪ್ಪಿದ್ದಾರಂತೆ. ಆ ಕೈಗಳಲ್ಲಿ ಒಂದು ನನ್ನದು. ಅದನ್ನು ಎತ್ತಿದ್ದು ಯಾಕೆಂದು ಹೇಳುತ್ತೇನೆ, ಕೇಳಿ.

ನಾನು ದರ್ಜಿ. ಅಕ್ಕನೂ ನಾನೂ ಮೂವತ್ತು ವರ್ಷದಿಂದ ಒಂದೇ ಕೋಣೆಯಲ್ಲಿ ಹೊಲಿಯುತ್ತಿದ್ದೇವೆ. ಹೊಲಿಗೆ ಯಂತ್ರ ನನ್ನದು, ಕಾಜಾ, ಗುಂಡಿ ಅವಳದು. ಹೊಲಿಗೆ ಶುರುಮಾಡಿದ ವರ್ಷವೇ ಉಳಿತಾಯ ಖಾತೆ ತೆರೆಯಲು ಹೋದಾಗ ಷೇರೂ ಕೊಳ್ಳಬೇಕೆಂದರು, ಕೊಂಡೆವು. ಸಭೆಯ ದಿನ ಫ್ಯಾನು ಕೆಟ್ಟಿತ್ತು, ಮೈಕು ಗೊರಗೊರ ಎನ್ನುತ್ತಿತ್ತು. ಅಧ್ಯಕ್ಷರು ಎರಡು ಗಂಟೆ ಅಂಕಿ ಓದಿದರು. ಅಷ್ಟರಲ್ಲಿ ಹಿಂಬಾಗಿಲಲ್ಲಿ ಬ್ಯಾಂಕಿನ ಜವಾನ, “ಚಹಾ ಯಾರ್ಯಾರಿಗೆ ಬೇಕು? ಕೈ ಎತ್ತಿ, ಎಣಿಸ್ಕೋತೀನಿ” ಎಂದು ಕೂಗಿದ. ವೇದಿಕೆಯ ಮೇಲೆ ಅಧ್ಯಕ್ಷರೂ ಅದೇ ಗಳಿಗೆಗೆ ಸಾಲಗಳಿಗೆ ಒಪ್ಪಿಗೆ ಕೇಳಿದರಂತೆ. ನಾವು ಕೈ ಎತ್ತಿದೆವು. ಅಕ್ಕ ಎರಡೂ ಕೈ ಎತ್ತಿದಳು. ಒಂದು ಪಕ್ಕದಲ್ಲಿ ತೂಕಡಿಸುತ್ತಿದ್ದ ನಮ್ಮ ಬೀದಿಯ ಪೇಂಟರ್ ಮಾವನ ಲೆಕ್ಕಕ್ಕೆ. ತಮ್ಮ ವರದಿಯಲ್ಲೇ ಹಾಜರಿ ೨೧೨, ಒಪ್ಪಿಗೆ ೨೨೩ ಎಂದಿದೆ. ಹೆಚ್ಚುವರಿ ಹನ್ನೊಂದು ಕೈ ಎಲ್ಲಿಂದ ಬಂದವೆಂದು ಅಷ್ಟು ಓದಿದ ತಮಗೆ ಅನುಮಾನವೇ ಬರಲಿಲ್ಲವೇ? ಅಂದಹಾಗೆ, ಚಹಾಕ್ಕೆ ಸಕ್ಕರೆಯೂ ಇರಲಿಲ್ಲ.

ಏಳು ತಿಂಗಳಿಗೆ ಬ್ಯಾಂಕೇ ಕೈ ಎತ್ತಿತು. ನಿರ್ದೇಶಕರು ತಮ್ಮ ಬೀಗರಿಗೂ ಭಾವಮೈದುನರಿಗೂ ಅಡಮಾನವಿಲ್ಲದೆ ಕೊಟ್ಟ ಸಾಲ ಮುಳುಗಿತ್ತು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒರೆಸಿದ್ದಕ್ಕೆ ಸರ್ಕಾರದ ಮೊಹರೂ ಬಿದ್ದಿದೆ.

ತಮ್ಮ ಕಚೇರಿಗೆ ಹದಿನಾಲ್ಕು ಸಲ ಬಂದಿದ್ದೇನೆ. ಗುಮಾಸ್ತರು ಒಳ್ಳೆಯವರು, ಕೂರಿಸಿಯೇ ಹೇಳಿದರು: “ನೋಡಮ್ಮಾ, ನೀವು ಬರೀ ದುಡ್ಡಿಟ್ಟೋರಲ್ಲ, ಷೇರುದಾರರು. ಅಂದ್ರೆ ಮಾಲೀಕರು. ನಷ್ಟ ಮಾಲೀಕರದ್ದೇ ಅಲ್ವಾ?” ಮೂವತ್ತು ವರ್ಷ ಬ್ಯಾಂಕಿನ ಒಳಗೆ ಕೂರಲು ಒಂದು ಸ್ಟೂಲು ಸಿಗದ ನಾನು, ಅದು ಮುಳುಗಿದ ಮೇಲೆ ಮಾಲೀಕಳಾದೆ! ಮನೆಗೆ ಬಂದು ಹೇಳಿದರೆ ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ದಣಿದಿದ್ದೇನೆ, ಸ್ವಾಮಿ.

ಅಕ್ಕನ ಬಲಗಣ್ಣಿನ ಶಸ್ತ್ರಚಿಕಿತ್ಸೆ ಬ್ಯಾಂಕು ಮುಚ್ಚುವ ಮೊದಲೇ ಆಯಿತು. ಎಡಗಣ್ಣಿನದಕ್ಕೆ ಇಟ್ಟ ದುಡ್ಡು ತಮ್ಮ ಮೊಹರಿನ ಕೆಳಗಿದೆ. “ಬಿಡೇ, ಒಂದು ಕಣ್ಣಲ್ಲೇ ದಾರ ಪೋಣಿಸ್ತೀನಿ” ಎನ್ನುತ್ತಾಳೆ. ಪೋಣಿಸುವುದು ಸೂಜಿಯ ಪಕ್ಕದ ಗಾಳಿಗೆ. ನಾನು ನೋಡದವಳಂತೆ ಯಂತ್ರ ತುಳಿಯುತ್ತೇನೆ.

ಕೇಳುವುದು ಇಷ್ಟೇ. ಆ ವರದಿಯನ್ನು ಹಿಂದಕ್ಕೆ ಪಡೆಯಿರಿ. ಏಳೂ ಮಂದಿ ನಿರ್ದೇಶಕರನ್ನು ತಮ್ಮ ಕಚೇರಿಯಲ್ಲಿ ನಾನು ಕೂರುವ ಬೆಂಚಿನ ಮೇಲೇ ಕೂರಿಸಿ, ಯಾವ ಸಾಲಕ್ಕೆ ಯಾರು ಸಹಿ ಹಾಕಿದರೆಂದು ಕೇಳಿ. ಸಹಿ ಹಾಕಿದವರ ಮನೆ, ಜಮೀನು ಜಪ್ತಿ ಮಾಡಿ ಉಳಿತಾಯದಾರರಿಗೂ ಷೇರುದಾರರಿಗೂ ನಷ್ಟ ತುಂಬಿಸಿ. ಮೂರು ತಿಂಗಳು ದಾಟಿದರೆ ಎಡಗಣ್ಣು ಉಳಿಯದು ಎಂದಿದ್ದಾರೆ ವೈದ್ಯರು. ಆಗ ಅದು ಯಾರ ಒಪ್ಪಿಗೆಯಿಂದ ಹೋಯಿತೆಂದು ಬರೆಯುತ್ತೀರಿ?

ಇಂತಿ,
ಬರುವ ಮಂಗಳವಾರ ಹದಿನೈದನೆಯ ಸಲ ಬರಲಿರುವ,
ಸದಸ್ಯೆ ಸಂಖ್ಯೆ ೧೧೪೨